ಕೊಕೊಯೆ ಹೆಸರಿನ ಬಟ್ಟೆ

ಇಪ್ಪತ್ತೆರಡು ವರ್ಷದ ಹಿಂದೆ, ಲೋಮೆ ಪಟ್ಟಣದ ದೊಡ್ಡ ಮಾರುಕಟ್ಟೆಯ ಮೆಟ್ಟಿಲ ಮೇಲೆ ಕೂತು, ಎಣ್ಣೆ ಜಿಡ್ಡಿನ ಕೈಯಲ್ಲಿ ಕೊಕೊಯೆಯ ಕೈ ಹಿಡಿದುಕೊಂಡು ಆಯೆಲೆ ಒಂದು ಮಾತು ಕೊಟ್ಟಿದ್ದಳು.

"ಅಕ್ಕಾ, ಒಂದು ದಿನ ಒಂದು ಬಟ್ಟೆಗೆ ನಿನ್ನ ಹೆಸರಿಡ್ತೀನಿ. ಕೊಟೊನುವಿಂದ ಕಿನ್ಶಾಸಾವರೆಗೆ ಹೆಂಗಸರು ಅಂಗಡಿಗೆ ಬಂದು, ಆರು ಗಜ ಕೊಕೊಯೆ ಕೊಡಿ ಅಂತ ಕೇಳ್ಬೇಕು. ಹಾಗೆ ಮಾಡ್ತೀನಿ."

ಕೊಕೊಯೆ ಕರಿದ ಮೀನಿನ ಮುಳ್ಳು ಉಗುಳಿ ನಕ್ಕಿದ್ದಳು. "ಮೊದ್ಲು ಬಾಯಿ ಒರೆಸ್ಕೊ. ಮೀನು ತಿಂದ ಬಾಯಲ್ಲಿ ಆಣೆ ಇಡ್ತಾಳಂತೆ."

ನಕ್ಕರೂ ಅವಳು ಅದನ್ನು ಮರೆಯಲಿಲ್ಲ. ಮಕ್ಕಳಿಲ್ಲದವಳು ಮರೆಯುವಂಥ ಮಾತಲ್ಲ ಅದು. ಹೆತ್ತವಳ ಹೆಸರು ಮೊಮ್ಮಕ್ಕಳಿಗೆ ಹೋಗುತ್ತದೆ. ಕೊಕೊಯೆ ಹೆರಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದಿದ್ದ, ಆ ಸವತಿ ಮೂರು ವರ್ಷದಲ್ಲಿ ಮೂರು ಹೆತ್ತಿದ್ದಳು, ಕೊಕೊಯೆ ಒಂದು ಚಾಪೆ ಸುತ್ತಿಕೊಂಡು ಮನೆ ಬಿಟ್ಟು ಬಂದಿದ್ದಳು. ಅವಳ ಹೆಸರು ಹೋಗಿ ಸೇರುವುದಕ್ಕೆ ಜಾಗವಿರಲಿಲ್ಲ. ಆದರೆ ಬಟ್ಟೆಗೆ ಹತ್ತಿದ ಹೆಸರು ಬಹಳ ಕಾಲ ಬಾಳುತ್ತದೆ. ಅಜ್ಜಿಯರ ಕಾಲದ ನಮೂನೆಗಳನ್ನು ಲೋಮೆಯಲ್ಲಿ ಇವತ್ತಿಗೂ ಅವೇ ಹೆಸರು ಹಿಡಿದು ಕೇಳುತ್ತಾರೆ.

ಮೇಣದಚ್ಚಿನ ಬಟ್ಟೆ ಹಡಗಿನಿಂದ ಇಳಿಯುವಾಗ ಅದಕ್ಕೆ ಇರುವುದು ಒಂದು ನಂಬರು, ಅಷ್ಟೇ. ಹೆಸರಿಡುವವರು ಮಾರುವ ಹೆಂಗಸರು. ಹೆಸರು ಹತ್ತದ ಬಟ್ಟೆ ಗೋದಾಮಿನಲ್ಲಿ ಇಲಿಗಳ ಪಾಲು. ಹೆಸರು ಹತ್ತಿದ್ದು ಗಡಿ ದಾಟಿ ಹೋಗುತ್ತದೆ, ಯಾಕೆಂದರೆ ಹೆಂಗಸರು ಅದನ್ನು ಮೈ ಮುಚ್ಚಿಕೊಳ್ಳಲು ಮಾತ್ರ ಕೊಳ್ಳುವುದಿಲ್ಲ. ಅತ್ತೆಗೆ, ನಾದಿನಿಗೆ, ಸವತಿಗೆ ಬಾಯಿಬಿಟ್ಟು ಹೇಳಲಾರದ್ದನ್ನು ಉಟ್ಟುಕೊಂಡು ಅವರ ಮುಂದೆ ಓಡಾಡುತ್ತಾರೆ.

ಆಗ ಆಯೆಲೆ ಮತ್ತು ಕೊಕೊಯೆ ಒಂದೇ ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ಕೂರುತ್ತಿದ್ದರು. ಆ ವರ್ಷ ಬಂದದ್ದು ಬಸವನಹುಳದ ನಮೂನೆ. ಹಸಿರು ನೆಲ, ಕಂದು ಚಿಪ್ಪು, ಹಿಂದೆ ಉದ್ದಕ್ಕೆ ಬೆಳ್ಳಗಿನ ಜಾಡು. ಯಾರೂ ಮುಟ್ಟಿ ನೋಡಿರಲಿಲ್ಲ. ಕೊಕೊಯೆ ಒಂದು ಮಧ್ಯಾಹ್ನ ಬಗ್ಗಿ ಆಯೆಲೆಯ ಕಿವಿಯಲ್ಲಿ ಹೆಸರು ಹೇಳಿದಳು: ತಡವಾದ್ರೂ ನನ್ನ ಮನೆಗೇ ಬರ್ತಾನೆ.

ಆಯೆಲೆ ಕೂಗಿ ಹೇಳಲು ಎದ್ದೇಬಿಟ್ಟಿದ್ದಳು. ಕೊಕೊಯೆ ಅವಳ ಸೆರಗು ಹಿಡಿದು ಎಳೆದು ಕೂರಿಸಿದಳು.

"ಇವತ್ತು ಹೇಳ್ಬೇಡ."

"ಮತ್ತೆ ಯಾವಾಗ?"

"ಅವರು ಕೇಳಿ ಕೇಳಿ ಸುಸ್ತಾದಾಗ. ನೀನಾಗೇ ಹೋಗಿ ಕೊಟ್ರೆ ಅದು ನಿನ್ನ ಹೆಸರು. ಅವರಾಗೇ ಕಿತ್ಕೊಂಡು ಹೋದ್ರೆ ಅವರದು. ತಮ್ಮದು ಅನ್ನಿಸಿದ್ದನ್ನ ಜನ ಊರೆಲ್ಲ ಹೇಳ್ಕೊಂಡು ಬರ್ತಾರೆ, ಕಾಸು ಕೊಡ್ಬೇಕಾಗಿಲ್ಲ."

ಹನ್ನೊಂದು ದಿನ ಆಯೆಲೆ ತುಟಿ ಪಿಟಕ್ಕೆನ್ನಲಿಲ್ಲ. ಹೆಸರೇನು ಎಂದು ಕೇಳಿದವರಿಗೆ "ಇದೆ, ಆದ್ರೆ ಹೇಳೋ ಹಾಗಿಲ್ಲ" ಎನ್ನುತ್ತಿದ್ದಳು. ಹನ್ನೆರಡನೇ ದಿನ, ಗಂಡನ ಜೊತೆ ಜಗಳವಾಡಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದ ಒಬ್ಬಳಿಗೆ ಬಟ್ಟೆ ಅಳೆಯುತ್ತ, ತಲೆ ಎತ್ತದೆ, ತನಗೆ ತಾನೇ ಹೇಳಿಕೊಂಡ ಹಾಗೆ ಹೇಳಿದಳು. ಸಂಜೆಯ ಹೊತ್ತಿಗೆ ಇಡೀ ಮಾರುಕಟ್ಟೆಯ ಬಾಯಲ್ಲಿ ಅದೇ. ವಾರದೊಳಗೆ ಬಟ್ಟೆ ಕಂಪನಿಯವನು ಬಂದು ಆ ನಮೂನೆಯನ್ನು ಬೇರೆ ಯಾರಿಗೂ ಕೊಡುವುದಿಲ್ಲವೆಂದು ಬರೆದುಕೊಟ್ಟ. ಬರೆದುಕೊಟ್ಟದ್ದು ಆಯೆಲೆಗೆ. ಮೇಜು ಅವಳ ಹೆಸರಿನಲ್ಲಿತ್ತು.

ಆಮೇಲೆ ಅಂಗಡಿ ಬಂತು, ಎರಡಂತಸ್ತಿನ ಮನೆ ಬಂತು, ಕಾರು ಬಂತು. ನಾಲ್ಕು ಮಕ್ಕಳೂ ಬಂದವು. ಆಯೆಲೆ ಕಿನ್ಶಾಸಾ, ಅಬಿಜಾನ್ ಎಂದು ಓಡಾಡುವಾಗ ಆ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಗಂಜಿ ಕುಡಿಸಿದವಳು, ಜ್ವರ ಬಂದರೆ ಬೆನ್ನಿಗೆ ಕಟ್ಟಿಕೊಂಡು ದವಾಖಾನೆಗೆ ನಡೆದವಳು ಕೊಕೊಯೆ. ಬಟ್ಟೆಗಳಿಗೆ ಹೆಸರು ಹೇಳಿಕೊಡುತ್ತಿದ್ದವಳೂ ಅವಳೇ. ತನ್ನ ಹೆಸರು ಮಾತ್ರ ಹೇಳಲಿಲ್ಲ. ವರ್ಷಕ್ಕೊಮ್ಮೆ, ಹೊಸ ಮೂಟೆ ಬಿಚ್ಚುವಾಗ, "ಬಂತಾ ನನ್ನ ಬಟ್ಟೆ?" ಎಂದು ಕೇಳುವಳು. ಆಯೆಲೆ ನಮೂನೆ ಹಿಡಿದು ನೋಡಿ, "ಇದು ನಿನಗೆ ತಕ್ಕದ್ದಲ್ಲ ಅಕ್ಕಾ. ಕಾಲ ಬರ್ಲಿ" ಎನ್ನುವಳು. ಒಂದು ವರ್ಷ ಬಣ್ಣ ಸರಿಯಿರಲಿಲ್ಲ. ಇನ್ನೊಂದು ವರ್ಷ ಗಡಿ ಮುಚ್ಚಿತ್ತು. ಒಂದು ನಮೂನೆ ತುಂಬ ಚೆನ್ನಾಗಿತ್ತು, ಅದಕ್ಕೆ ಕೊಕೊಯೆಗಿಂತ ಚೆನ್ನಾಗಿ ಮಾರಾಟವಾಗುವ ಹೆಸರು ಸಿಕ್ಕಿತ್ತು.

ಈಗ ಕೊಕೊಯೆ ಬೆ ಎಂಬ ಬಡಾವಣೆಯ ಒಂದು ಕೋಣೆಯಲ್ಲಿ ಮಲಗಿದ್ದಳು. ಕಾಲು ಬಾತುಕೊಂಡು ಬಾಳೆದಿಂಡಿನಂತಾಗಿದ್ದವು. ಮಳೆಗಾಲ ಮುಗಿಯುವುದರೊಳಗೆ, ಹೆಚ್ಚೆಂದರೆ ಅದರಾಚೆ ಒಂದು ತಿಂಗಳು, ಎಂದು ವೈದ್ಯ ಆಯೆಲೆಯನ್ನು ಹೊರಗೆ ಕರೆದು ಹೇಳಿದ್ದ.

ಆ ತಿಂಗಳೇ ಮಡಕೆಯ ನಮೂನೆ ಬಂತು. ಕಡುನೀಲಿ ನೆಲದ ಮೇಲೆ ಹಳದಿ ಮಡಕೆಗಳ ಸಾಲು, ಪ್ರತಿಯೊಂದರ ಮೇಲೂ ಬಿಗಿಯಾಗಿ ಕೂತ ಮುಚ್ಚಳ. ಆಯೆಲೆ ಮೂಟೆ ಬಿಚ್ಚಿದವಳು ಹಾಗೆಯೇ ನಿಂತುಬಿಟ್ಟಳು. ಬಾಯಿ ಮುಚ್ಚಿಕೊಂಡು ಒಳಗೆ ಎಷ್ಟೋ ಇಟ್ಟುಕೊಂಡವಳು. ಇವಳೇ.

"ಇದೇ ಕಣೇ," ಎಂದಳು ತನ್ನ ಮಗಳು ಅಫಿವಾಗೆ. "ಇದಕ್ಕೆ ಕೊಕೊಯೆ ಅಂತ. ಆದ್ರೆ ನೀನು ಬಾಯಿ ಬಿಟ್ರೆ ನೋಡು. ಮೂರನೇ ಶುಕ್ರವಾರ ಹೊರಗಿನ ವ್ಯಾಪಾರಿಗಳೆಲ್ಲ ಬರ್ತಾರೆ, ಆವತ್ತು ಹೇಳ್ತೀನಿ."

"ಅಷ್ಟು ದಿನ ಯಾಕಮ್ಮಾ? ದೊಡ್ಡಮ್ಮನಿಗಾದ್ರೂ ಇವತ್ತೇ ಹೇಳ್ಬಿಡು."

"ಅವಳಿಗೆ ಹೇಳಿದ್ರೆ ಅವಳೇ ಬೈತಾಳೆ, ಮೊದ್ಲು ಹತ್ತಲಿ ಅಂತ."

ಎರಡು ವಾರ ಎಲ್ಲ ಲೆಕ್ಕದಂತೆಯೇ ನಡೆಯಿತು. ಹೆಂಗಸರು ಬಂದು ಮುಟ್ಟಿ ನೋಡಿದರು, ಬೆಳಕಿಗೆ ಹಿಡಿದರು, ಹೆಸರು ಕೇಳಿದರು. ಆಯೆಲೆ ಹಲ್ಲು ಕಚ್ಚಿಕೊಂಡು ನಗುತ್ತ ಕೂತಳು. ಪಕ್ಕದ ಅಂಗಡಿಯ ದೊಸ್ಸಿ ಎಂಬವಳಿಗೆ ತಡೆಯಲಾಗಲಿಲ್ಲ.

"ಏನಮ್ಮಾ ಆಯೆಲೆ, ಹದಿನೈದು ದಿನದಿಂದ ದಿನ ತುಂಬಿದ ಬಸುರಿ ಥರ ಕೂತಿದ್ದೀಯ. ಹೆರಿಗೆ ಯಾವಾಗ?"

"ನೋವು ಬಂದಾಗ ನಿನ್ನನ್ನೇ ಕರೀತೀನಿ, ಸೂಲಗಿತ್ತಿ. ಈಗ ನಿನ್ನ ಅಂಗಡಿ ನೋಣ ಹೊಡ್ಕೊ ಹೋಗು."

ಮೂರನೇ ಶುಕ್ರವಾರ ಅಬಿಜಾನಿನ ಅಫೂವೆ ಬಂದಳು. ಆ ಸೀಮೆಯಲ್ಲೆಲ್ಲ ಅವಳಷ್ಟು ದೊಡ್ಡ ಕೊಳ್ಳುವವಳು ಇನ್ನೊಬ್ಬಳಿರಲಿಲ್ಲ. ಅವಳು ಕುರ್ಚಿಯಲ್ಲಿ ಕೂತರೆ ಹಿಂದೆ ಇಪ್ಪತ್ತು ಜನ ನಿಲ್ಲುತ್ತಿದ್ದರು, ಅವಳು ಏನು ಕೊಳ್ಳುತ್ತಾಳೋ ಅದನ್ನೇ ಕೊಳ್ಳಲು. ಅಫಿವಾ ನೀರು ತಂದುಕೊಟ್ಟಳು. ಅಫೂವೆ ಲೋಟ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬಟ್ಟೆಯ ಅಂಚು ಎತ್ತಿದಳು.

ಹೊತ್ತು ಬಂದಿತ್ತು. ಅವಳು ಹೆಸರು ಕೇಳಬೇಕು, ತಾನು ಬಟ್ಟೆಯ ಮಡಿಕೆ ಬಿಡಿಸುತ್ತ, ಕಡೆಗಣ್ಣಲ್ಲಿ ನೋಡುತ್ತ ಹೇಳಬೇಕು. ಆಯೆಲೆಯ ನಾಲಿಗೆಯ ತುದಿಯಲ್ಲಿ ಕೊಕೊಯೆ ಕೂತಿದ್ದಳು.

ಅಫೂವೆ ಕೇಳಲಿಲ್ಲ. ಹೊಟ್ಟೆ ಕುಣಿಯುವ ಹಾಗೆ ನಕ್ಕಳು.

"ಅಯ್ಯೋ ನಮ್ಮಮ್ಮಾ! ಇಷ್ಟು ಗಟ್ಟಿಯಾಗಿ ಮುಚ್ಚಳ ಹಾಕಿದ್ದಾರೆ ಅಂದ್ರೆ ಒಳಗೆ ಏನೂ ಇಲ್ಲ ಅಂತಾನೇ ಅರ್ಥ! ಸವತಿ ಮಡಕೆ ಖಾಲಿ!"

ಹಿಂದೆ ನಿಂತ ಇಪ್ಪತ್ತು ಜನ ಒಟ್ಟಿಗೇ ಹೋ ಎಂದರು. ಒಬ್ಬಳು ಕೈ ತಟ್ಟಿದಳು. ಇನ್ನೊಬ್ಬಳು, "ನನಗೆ ಹನ್ನೆರಡು ಗಜ ಈಗಲೇ ಕತ್ತರಿಸಿ, ಭಾನುವಾರ ಹೆರದ ನನ್ನ ಸವತಿ ಮನೆ ಮುಂದೇನೇ ಹಾದು ಹೋಗ್ತೀನಿ" ಎಂದಳು. ಅಫೂವೆ ನಗುತ್ತಲೇ ಲೋಟ ಎತ್ತಿ ನೀರು ಕುಡಿಯತೊಡಗಿದಳು.

ಆ ನೀರು ಮುಗಿಯುವವರೆಗೆ ಆಯೆಲೆಗೆ ಸಮಯವಿತ್ತು. ಹಾಗಲ್ಲ ಅಕ್ಕಾ, ಇದಕ್ಕೆ ಹೆಸರಿದೆ, ಎಂದರೆ ಸಾಕಿತ್ತು. ಆದರೆ ಕೊಳ್ಳುವವಳು ತಾನಾಗಿ ಹೆಸರು ಹೇಳಿದ ಮೇಲೆ ಮಾರುವವಳು ಬಾಯಿ ತೆರೆಯಬಾರದು. ತೆರೆದರೆ ನಗು ನಿಲ್ಲುತ್ತದೆ, ನಗು ನಿಂತರೆ ಬೆಲೆ ಬೀಳುತ್ತದೆ. ಅಫೂವೆಯ ಮಾತು ತಿದ್ದಿದವಳ ಅಂಗಡಿಗೆ ಅಫೂವೆ ಮತ್ತೆ ಬರುವುದಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಆಯೆಲೆಯ ದವಡೆಯನ್ನು ಹಿಡಿದುಕೊಂಡಿತು. ಅವಳು ಬಟ್ಟೆಯ ಮಡಿಕೆ ಬಿಡಿಸುತ್ತ ಸುಮ್ಮನೆ ನಿಂತಳು. ಸ್ವಲ್ಪ ನಕ್ಕಳು ಕೂಡ.

ಅಫೂವೆ ಲೋಟ ಕೆಳಗಿಟ್ಟಳು. "ಎಂಬತ್ತು ಮೂಟೆ," ಎಂದಳು.

ಅಫಿವಾ ಖಾಲಿ ಲೋಟ ಎತ್ತಿಕೊಂಡು ತಾಯಿಯ ಮುಖ ನೋಡದೆ ಒಳಗೆ ಹೋದಳು.

ಭಾನುವಾರ ಆಯೆಲೆ ಬೆ ಬಡಾವಣೆಗೆ ಹೋಗುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂಚೆ ಹೋಗಿ ಕೂತಿತ್ತು. ಬೀದಿಯಲ್ಲಿ ಅಬ್ಲೊ ಕಡುಬು ಮಾರುವವಳು ಬೆಳಿಗ್ಗೆ ಎರಡು ಅಬ್ಲೊ ಕೊಟ್ಟು, ಜೊತೆಗೆ ಅದನ್ನೂ ಕೊಟ್ಟು ಹೋಗಿದ್ದಳು.

"ಸವತಿ ಮಡಕೆ ಖಾಲಿ," ಎಂದಳು ಕೊಕೊಯೆ ದಿಂಬಿಗೆ ಒರಗಿ. "ಚೆನ್ನಾಗಿದೆ. ನಾನಿಟ್ಟಿದ್ರೂ ಇಷ್ಟು ಚೆನ್ನಾಗಿ ಇಡ್ತಿರ್ಲಿಲ್ಲ."

"ಅಕ್ಕಾ, ಅದು ನಾನಿಟ್ಟಿದ್ದಲ್ಲ. ದೇವರಾಣೆ. ಆ ಅಫೂವೆ..."

"ಗೊತ್ತು. ನೀನು ಸುಮ್ನಿದ್ದೆ. ಎಷ್ಟು ಹೊತ್ತು ಸುಮ್ನಿದ್ದೆ?"

ಆಯೆಲೆ ನೆಲ ನೋಡಿದಳು. "ಅವಳು ನೀರು ಕುಡಿದು ಮುಗಿಸೋವರೆಗೆ."

"ಹೂಂ. ಸರಿಯಾದ ಹೊತ್ತು. ಅದಕ್ಕಿಂತ ಮುಂಚೆ ಮಾತಾಡಿದ್ರೆ ಕೆಡ್ತಿತ್ತು." ಕೊಕೊಯೆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟುಕೊಂಡಳು. "ನನ್ನ ಸವತಿ ಇನ್ನೂ ಬದುಕಿದ್ದಾಳೆ ಗೊತ್ತಾ? ಗಟ್ಟಿಮುಟ್ಟಾಗಿದ್ದಾಳೆ. ಅವಳೂ ಆರು ಗಜ ತಗೋತಾಳೆ. ಹಳೇ ಗಿರಾಕಿ, ಒಳ್ಳೇ ಬೆಲೆಗೆ ಕೊಡು."

ಆಯೆಲೆ ಅತ್ತಳು. ಮುಂದಿನ ಹಡಗಿನಲ್ಲಿ ಬರುವ ಮೊದಲ ನಮೂನೆಗೆ, ಅದು ಏನೇ ಇರಲಿ, ನಿನ್ನ ಹೆಸರು ಎಂದಳು. ಕೊಕೊಯೆ ಉಳಿದಿದ್ದ ಒಂದು ಅಬ್ಲೊವನ್ನು ಅವಳ ಕಡೆ ತಳ್ಳಿದಳು.

ಮುಂದಿನ ಹಡಗು ಬರಲು ಆರು ವಾರವಾಯಿತು. ಬಂದದ್ದು ಬಿಳಿ ನೆಲದ ಮೇಲೆ ಕೆಂಪು ಬೀಸಣಿಗೆಗಳು. ಕೆಟ್ಟದ್ದೇನಲ್ಲ, ಒಳ್ಳೆಯದೂ ಅಲ್ಲ. ಆಯೆಲೆ ಮೂಟೆಯ ಹಗ್ಗ ಕತ್ತರಿಸಿದ್ದೇ ತಡ, ಬಟ್ಟೆಯನ್ನು ಬಾಗಿಲಿಗೆ ತೂಗುಹಾಕಿ ಹೊರಗೆ ಬಂದು ನಿಂತಳು.

"ಅಮ್ಮಾ, ಇಷ್ಟು ಬೇಗ ಹೇಳ್ಬಾರ್ದು ಅಂತ ನೀನೇ ಅಲ್ವಾ ಹೇಳ್ಕೊಟ್ಟಿದ್ದು?" ಎಂದಳು ಅಫಿವಾ.

"ಹೊತ್ತಿಲ್ಲ ಕಣೇ."

"ಬಟ್ಟೆಗೆ ಬೇಕಾದಷ್ಟು ಹೊತ್ತಿದೆ."

"ಅವಳಿಗಿಲ್ಲ."

ಬಂದವರಿಗೆಲ್ಲ, ಕೇಳದವರಿಗೂ, ಆಯೆಲೆ ಹೇಳಿದಳು: "ಇದರ ಹೆಸರು ಕೊಕೊಯೆ." ಹೆಂಗಸರು ಬಟ್ಟೆ ಬಿಟ್ಟು ಅವಳ ಮುಖ ನೋಡಿದರು. ಆಯೆಲೆ ಕೂಗಿ ಮಾರುವುದನ್ನು ಆ ಮಾರುಕಟ್ಟೆ ಹಿಂದೆಂದೂ ಕಂಡಿರಲಿಲ್ಲ. ಬಣ್ಣ ಹೋಗುತ್ತದೇನೋ ಎಂದು ಒಬ್ಬಳು ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ನೋಡಿದಳು.

"ಯಾರದು ಕೊಕೊಯೆ?" ಎಂದಳು ದೊಸ್ಸಿ. "ಸತ್ತವಳಾ?"

"ಇನ್ನೂ ಇಲ್ಲ," ಎಂದುಬಿಟ್ಟಳು ಆಯೆಲೆ.

ಸಾಯುವವಳ ಹೆಸರಿನ ಬಟ್ಟೆ ಎಂಬ ಮಾತು ಮಧ್ಯಾಹ್ನಕ್ಕೆ ಮಾರುಕಟ್ಟೆಯೆಲ್ಲ ಹಬ್ಬಿತು. ಮರುದಿನ ಆಯೆಲೆ ಬೆಲೆ ಇಳಿಸಿದಳು. ಅದರ ಮರುದಿನ ಆರು ಗಜಕ್ಕೆ ತಲೆವಸ್ತ್ರ ಪುಕ್ಕಟೆ ಎಂದಳು. ಕಿನ್ಶಾಸಾದಿಂದ ಬಂದವಳೊಬ್ಬಳ ಕೈ ಹಿಡಿದುಕೊಂಡು, "ಒಂದೇ ಒಂದು ಮೂಟೆ ತಗೊಳ್ಳಿ, ಈ ಹೆಸರು ಹೇಳಿ ಮಾರಿ, ಸಾಕು" ಎಂದು ಬೇಡಿದಳು. ಅವಳು ಕೈ ಬಿಡಿಸಿಕೊಂಡು ದೊಸ್ಸಿಯ ಅಂಗಡಿಗೆ ಹೋದಳು. ಅಲ್ಲಿಂದ ಗುಸುಗುಸು, ಆಮೇಲೆ ನಗು.

ವಾರ ತುಂಬುವುದರೊಳಗೆ ಬೀಸಣಿಗೆಯ ಬಟ್ಟೆಗೆ ಹೆಸರು ಹತ್ತಿತು: ಆಯೆಲೆ ಗೋಗರೀತಾಳೆ. ಆ ಹೆಸರಿನಲ್ಲಿ ಅದು ಮಾರಾಟವೂ ಆಯಿತು. ಬಿಟ್ಟುಹೋದ ಗಂಡ ತಿರುಗಿ ಬಂದು ಕಾಲಿಗೆ ಬಿದ್ದರೆ ಉಡಲು ಬಹಳ ಚೆನ್ನಾಗಿದೆ ಎಂದು ಹೆಂಗಸರು ಕೊಂಡರು.

ಮಂಗಳವಾರ ಆಯೆಲೆ ಬೆ ಬಡಾವಣೆಗೆ ಹೋದಳು. ಕೊಕೊಯೆಯ ಮುಖವೂ ಬಾತಿತ್ತು, ಕಣ್ಣು ತೆರೆಯುವುದು ಕಷ್ಟವಾಗಿತ್ತು.

"ಹತ್ತಿತಾ?"

"ಹತ್ತಿತು ಅಕ್ಕಾ," ಎಂದಳು ಆಯೆಲೆ. "ಕಿನ್ಶಾಸಾದವಳೊಬ್ಬಳು ಬಂದು ಕೇಳಿದ್ಲು. ಆರು ಗಜ ಕೊಕೊಯೆ ಕೊಡಿ ಅಂತ. ಹಾಗೇ ಕೇಳಿದ್ಲು."

"ಎಷ್ಟನೇ ದಿನ ಹೇಳಿದೆ ಹೆಸರು?"

"ಹನ್ನೆರಡನೇ ದಿನ. ನೀನು ಹೇಳ್ಕೊಟ್ಟ ಹಾಗೇ."

ಕೊಕೊಯೆ ಬೆರಳು ಮಡಿಸಿ ಎಣಿಸಿದಳು. ಹೊರಗೆ ಅಬ್ಲೊ ಮಾರುವವಳು ಕೂಗಿಕೊಂಡು ಹೋದಳು.

"ಹಡಗು ಬಂದಿದ್ದು ಹೋದ ಸೋಮವಾರ," ಎಂದಳು ಕೊಕೊಯೆ. "ಇವತ್ತಿಗೆ ಒಂಬತ್ತೇ ದಿನ." ಆಮೇಲೆ ಗೋಡೆಯ ಕಡೆ ಹೊರಳಿದಳು. ಹೊರಳಲು ಅವಳಿಗೆ ತುಂಬ ಹೊತ್ತು ಹಿಡಿಯಿತು. ಆಯೆಲೆ ಕೈ ಕೊಡಲು ಹೋದಳು, ಅವಳು ಹಿಡಿಯಲಿಲ್ಲ.

ಕೊಕೊಯೆ ಆ ಶನಿವಾರ ತೀರಿಕೊಂಡಳು. ಅವಳ ಹೆಸರಿನ ಬಟ್ಟೆ ಲೋಮೆಯಲ್ಲಾಗಲಿ ಬೇರೆಲ್ಲಾಗಲಿ ಮಾರಾಟವಾಗಲಿಲ್ಲ. ಆಯೆಲೆ ಕೊಟ್ಟ ಮಾತು ನಡೆಯಲಿಲ್ಲ.