ಬೆನ್ನಿನ ಅಚ್ಚು

ತನ್ನ ಬೆನ್ನಿನ ಅಚ್ಚನ್ನು ತಾನೇ ಕಾರಿನಿಂದ ಕಿತ್ತು ಕಸದ ತೊಟ್ಟಿಗೆ ಎಸೆದು ಬಂದ ಅನ್ಸಿಫ್, ಕೈ ಕೂಡ ತೊಳೆಯಲಿಲ್ಲ. ರೇಸ್ ಕಾರಿನ ಸೀಟು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಓಡಿಸುವವನನ್ನು ಒಳಗೆ ಕೂರಿಸಿ, ಬೆನ್ನ ಹಿಂದೆ ಚೀಲವಿಟ್ಟು ಅದರೊಳಗೆ ನೊರೆ ಹೊಯ್ಯಬೇಕು. ಉಬ್ಬಿ ಗಟ್ಟಿಯಾದ ಮೇಲೆ ಅದು ಅವನೊಬ್ಬನದೇ ಸೀಟು. ಕಳೆದ ತಿಂಗಳು ದುಬೈಯ ಈ ಗ್ಯಾರೇಜಿನ ಬಾಸ್ ಲಾಸರೊ ತನ್ನ ಕೈಯಾರೆ ಮೆಕ್ಯಾನಿಕ್ ಅನ್ಸಿಫ್‌ಗೆ ಹೊಯ್ದಿದ್ದ, ಅಬುಧಾಬಿ ರೇಸಿನಲ್ಲಿ ಓಡಿಸುವವನು ನೀನೇ ಎಂದಿದ್ದ. ಹುಚ್ಚಪ್ಪ ಅನ್ಸಿಫ್ ಆ ಮಾತು ನಂಬಿ ಉಳ್ಳಾಲದ ಮನೆಗೂ ಅಬುಧಾಬಿಯಲ್ಲೇ ಇರುವ ಹಮ್ದಾನ್ ಸ್ಟ್ರೀಟಿನ ಮಾವನಿಗೂ ಸುದ್ದಿ ಮುಟ್ಟಿಸಿಯಾಗಿತ್ತು.

ಇವತ್ತು ಬೆಳಿಗ್ಗೆ ಲಾಸರೊ ಮಾತು ತಿರುಗಿಸಿದ. ತಂಡದ ಖರ್ಚು ಹೊರುವ ಶೆಟ್ಟರ ಮಗ ಸುಮಿತ್ ಓಡಿಸುತ್ತಾನಂತೆ. ಅವನ ಸೀಟನ್ನು ಅನ್ಸಿಫನೇ ಹೊಯ್ಯಬೇಕಂತೆ.

"ಖಲಾಸ್ ಮಾರಾಯ," ಪೇಂಟಿಂಗಿನ ಲಿಡ್ವಿನಣ್ಣ ಹೇಳಿದ. "ಕೋಪ ಮಾಡಿ ಎಂಥ ಸಿಗ್ತದೆ? ನಿನ್ನ ವೀಸಾ ಬಾಸಿನ ಕೈಯಲ್ಲುಂಟು."

"ಅವನೂ ಕ್ಯೂಬಾದಿಂದ ಬರಿಗೈಯಲ್ಲಿ ಬಂದವನಲ್ವಾ ಅಣ್ಣ? ಇದೇ ದುಬೈಯಲ್ಲಿ ಸ್ಪ್ಯಾನರ್ ಹಿಡಿದವ. ನಮ್ಮ ಕಷ್ಟ ಅವನಿಗೆ ಗೊತ್ತಾಗುದಿಲ್ವಾ?"

"ಗೊತ್ತಾಗಿಯೇ ಮೂರು ಗ್ಯಾರೇಜಿನ ಯಜಮಾನ ಆದದ್ದು."

ಲಾಸರೊ ಮೇಲಕ್ಕೇರಿದ ಕಥೆ ಗ್ಯಾರೇಜಿನಲ್ಲಿ ಎಲ್ಲರಿಗೂ ಬಾಯಿಪಾಠ. ಬಂದ ಗಿರಾಕಿಗೆಲ್ಲ ಟ್ರೋಫಿ ತೋರಿಸುತ್ತಾ ಅವನೇ ಹೇಳುತ್ತಿದ್ದ. ಯಾರದೋ ತಂಡದಲ್ಲಿ ಮೆಕ್ಯಾನಿಕ್ ಆಗಿದ್ದಾಗ ರೇಸಿನ ದಿನ ಡ್ರೈವರಿನ ಬೆನ್ನು ಹಿಡಿದುಕೊಂಡಿತು, ಬೇರೆ ಗತಿಯಿಲ್ಲದೆ ಇವನನ್ನು ಹತ್ತಿಸಿದರು, ಇವನು ಗೆದ್ದ. ಆಮೇಲಿನದ್ದೆಲ್ಲ ಆ ಒಂದು ಗೆಲುವಿನ ಬಾಲ ಹಿಡಿದೇ ಬಂತು.

"ಆ ಡ್ರೈವರಿನ ಸೀಟು ಹೊಯ್ದದ್ದು ಯಾರು, ಅದನ್ನು ಮಾತ್ರ ಅವ ಯಾರಿಗೂ ಹೇಳುದಿಲ್ಲ," ಎಂದು ಲಿಡ್ವಿನಣ್ಣ ಮಾಸ್ಕ್ ಏರಿಸಿಕೊಂಡು ಹೋದ.

ಅನ್ಸಿಫ್ ಕಾರಿನಲ್ಲಿ ತಾನು ಸೀಟು ಕಿತ್ತ ಖಾಲಿ ಜಾಗವನ್ನೇ ನೋಡಿದ.

ಸುಮಿತ್ ಬಂದ. ಕೆಟ್ಟವನಲ್ಲ, ಅದೇ ಇನ್ನೂ ಉರಿ ಹತ್ತಿಸುವ ಸಂಗತಿ. "ಬ್ರೋ, ಯು ಆಲ್ಸೋ ಫ್ರಮ್ ಮ್ಯಾಂಗಲೋರ್?" ಎಂದು ಕೈ ಕುಲುಕಿ, ಕಾರಿನೊಳಗೆ ಇಳಿದು, ಸೊಂಟ ಮುಂದೆ ಜಾರಿಸಿ, ಬೆನ್ನು ಗೂನಾಗಿಸಿ ಮೊಬೈಲ್ ನೋಡುತ್ತಾ ಕೂತ. ಹೀಗೇ ಗಟ್ಟಿಯಾದರೆ ನಿಂತ ಕಾರಿನಲ್ಲಿ ಹಾಯಾಗಿಯೇ ಇರುತ್ತದೆ. ಟ್ರ್ಯಾಕಿನಲ್ಲಿ ಹತ್ತು ಸುತ್ತು ಹೋಗುವಷ್ಟರಲ್ಲಿ ಸೊಂಟ ಕಚ್ಚಿ ಹಿಡಿಯುತ್ತದೆ. ಸೊಂಟ ಹಿಂದಕ್ಕೆ ತನ್ನಿ, ನೆಟ್ಟಗೆ ಕೂರಿ ಎಂದು ಹೇಳಿದರೆ ಮುಗಿಯಿತು. ನಾಲಿಗೆಯ ತುದಿಗೆ ಬಂದ ಮಾತನ್ನು ಅನ್ಸಿಫ್ ಉಗುಳಿನ ಜೊತೆ ನುಂಗಿದ. ನೊರೆ ಏಳಿಸುವ ಎರಡು ದ್ರಾವಣ ಕಲಸಿ, ಬೆನ್ನ ಹಿಂದಿಟ್ಟ ಚೀಲಕ್ಕೆ ಹೊಯ್ದ.

ಬಾಗಿಲಲ್ಲಿ ಲಾಸರೊ ಕಾಣಿಸಿಕೊಂಡ. ಹುಡುಗ ಸರಿ ಕೂತಿದ್ದಾನಾ ಎಂದು ತನ್ನ ಮುರುಕು ಹಿಂದಿಯಲ್ಲಿ ಕೇಳಿದ.

"ಸಬ್ ಠೀಕ್ ಹೈ, ಬಾಸ್."

ಲಾಸರೊ ಆ ಗೂನುಬೆನ್ನನ್ನು ನೋಡಿದ. ಆಮೇಲೆ ಅನ್ಸಿಫ್‌ನನ್ನು ನೋಡಿದ, ತುಸು ಹೆಚ್ಚೇ ಹೊತ್ತು. ಬಾಗಿಲು ಎಳೆದುಕೊಂಡು ಹೋದ.

"ಬ್ರೋ, ಇಟ್ಸ್ ಗೆಟ್ಟಿಂಗ್ ವಾರ್ಮ್," ಸುಮಿತ್ ನಕ್ಕ.

"ಅಲುಗಬೇಡಿ," ಎಂದು ಅನ್ಸಿಫ್ ಅವನ ಎರಡೂ ಭುಜ ಒತ್ತಿ ಹಿಡಿದ. ಚೀಲದೊಳಗೆ ಬಿಳಿ ನೊರೆ ಸದ್ದಿಲ್ಲದೆ ಏರುತ್ತಾ, ಬಾಗಿದ ಬೆನ್ನಿನ ಒಂದೊಂದೇ ಮೂಳೆಯನ್ನು ಸುತ್ತಿಕೊಳ್ಳತೊಡಗಿತು.