ಹನ್ನೊಂದರಿಂದ ಶುರುವಾಗುವ ಟೇಪು

೧೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಬಾಗಿಲ ಬಳಿ ಜಿಪ್ ಹಾಕಿ ನಿಲ್ಲಿಸಿರುವ ಬ್ಯಾಗಿನಿಂದಲೋ, ಕಸದ ಲಾರಿ ಹತ್ತಿ ಹೋದ ಶೂ ಡಬ್ಬಿಯಿಂದಲೋ, ಅಥವಾ ಎಲ್ಲರೂ ಮಾಡುವ ಹಾಗೆ ಕಿಟಕಿಯಿಂದ ಇಳಿದ ಎಳೆಬಿಸಿಲಿನಿಂದಲೋ? ಎಳೆಬಿಸಿಲನ್ನು ಒಂದು ಸಲ ಬರೆದೂ ನೋಡಿದೆ. ಕಥೆಯ ಅಮ್ಮ ಬಗ್ಗಿ ಓದಿ, "ಬಿಸಿಲು ಬಂದ್ರೆ ಧೂಳು ಕಾಣುತ್ತೆ. ಮೊದ್ಲು ಪರದೆ ಎಳೀರಿ," ಎಂದಳು. ಎಳೆದೆ. ಆ ಡ್ರಾಫ್ಟು ಕತ್ತಲಲ್ಲಿ ಮುಂದೆ ಹೋಗಲಿಲ್ಲ.

ಮೊದಲ ಭಾಗಕ್ಕೇ ಹನ್ನೊಂದು ಅಂತ ಹಾಕಿದ್ದಾನಲ್ಲ, ಹಿಂದಿನ ಹತ್ತು ಎಲ್ಲಿ ಅಂತ ನೀವು ಪುಟ ತಿರುಗಿಸುತ್ತಿದ್ದರೆ ಬೇಡ, ಸುಮ್ಮನೆ ಶ್ರಮ. ಅವು ಅಲ್ಲಿಲ್ಲ. ಈ ಮನೆಯ ಅಳತೆ ಟೇಪು ಕೂಡ ಹನ್ನೊಂದರಿಂದಲೇ ಶುರುವಾಗುತ್ತದೆ. ಎಂಟು ವರ್ಷದ ಹಿಂದೆ ಈ ಮನೆಯ ದೊಡ್ಡ ಮಗಳು, ಆಗಿನ್ನೂ ನಾಲ್ಕು ವರ್ಷದ ಪೋರಿ, ಅಮ್ಮನ ಕತ್ತರಿ ಎತ್ತಿಕೊಂಡು ಟೇಪನ್ನು ಸರಿಯಾಗಿ ಹತ್ತು ಸೆಂಟಿಮೀಟರಿನ ಗೆರೆಯ ಮೇಲೆ ಕಚಕ್ಕನೆ ಕತ್ತರಿಸಿದ್ದಳು. ಅಮ್ಮ ಬಯ್ಯಲಿಲ್ಲ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ನೇರವಾಗಿ ಬಿದ್ದ ಕತ್ತರಿ ಗೆರೆಯನ್ನು ನೋಡಿದರೆ ಅವಳಿಗೆ ಹಿಗ್ಗು. "ನೋಡ್ರೀ, ಒಂದು ಎಳೆ ಆಚೀಚೆ ಹೋಗಿಲ್ಲ!" ಎಂದು ಗಂಡನಿಗೆ ತೋರಿಸಿ ಬೀಗಿದ್ದಳು.

ಟೇಪನ್ನು ಎಸೆಯಲೂ ಇಲ್ಲ. ಅಂದಿನಿಂದ ಆ ಮನೆಯಲ್ಲಿ ಏನೇ ಅಳೆದರೂ ಕೊನೆಗೆ ಹತ್ತು ಕಳೆಯಬೇಕು. ಪರದೆ, ಪುಸ್ತಕದ ಬೈಂಡು, ಫ್ರಿಜ್ಜಿನ ಹಿಂದಿನ ಜಾಗ, ಎಲ್ಲಕ್ಕೂ. ಆರು ವರ್ಷದ ಚಿಕ್ಕ ಮಗಳು ಪುಟ್ಟಿಗೂ ಇದು ಗೊತ್ತು. ಹೊರಗಿನವರಿಗೆ ಮಾತ್ರ ಗೊತ್ತಿಲ್ಲ. ಈಗ ನಿಮಗೂ ಗೊತ್ತಾಯಿತು, ಮರೆಯಬೇಡಿ, ಮುಂದೆ ಬೇಕಾಗುತ್ತದೆ.

೧೨

ಅಮ್ಮನಿಗೆ ಒಂದು ಹುಚ್ಚು. ಓರಣದ ಹುಚ್ಚು. ಭಾನುವಾರ ಬಂತೆಂದರೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ,

(ಸೀರೆ ಅಲ್ಲವಂತೆ. "ಮನೆ ಕ್ಲೀನ್ ಮಾಡೋವಾಗ ಯಾರ್ರೀ ಸೀರೆ ಉಡ್ತಾರೆ? ಹಳೇ ಟಿ-ಶರ್ಟು ಅಂತ ಬರೀರಿ.")

ಹಳೇ ಟಿ-ಶರ್ಟಿನ ತೋಳು ಮಡಚಿ, ಒಂದು ಮೂಲೆಯಿಂದ ಹೊರಟಳೆಂದರೆ ಇನ್ನೊಂದು ಮೂಲೆ ಮುಟ್ಟುವ ತನಕ ನಿಲ್ಲುವವಳಲ್ಲ. ಮನೆಯಲ್ಲಿರುವ ಪ್ರತಿ ಡಬ್ಬಿಗೂ ಲೇಬಲ್ಲು: 'ಚಾರ್ಜರ್‌ಗಳು', 'ಯಾವುದರದೋ ಗೊತ್ತಿಲ್ಲದ ಚಾರ್ಜರ್‌ಗಳು', 'ಸ್ಕ್ರೂ', 'ಉಳಿದ ಸ್ಕ್ರೂ'. ಕೊನೆಯದು ಗಂಡನ ಕೈಕೆಲಸದ ಮೇಲೆ ಮಾಡಿದ ಟೀಕೆ ಎಂದು ಗಂಡನ ಅನುಮಾನ. ಅವನು ಏನನ್ನು ಬಿಚ್ಚಿ ಜೋಡಿಸಿದರೂ ನಾಲ್ಕು ಸ್ಕ್ರೂ ಮಿಗುತ್ತವೆ.

ಹೋದ ಭಾನುವಾರ ಅವಳು ಹುಡುಗಿಯರ ರೂಮಿಗೆ ನುಗ್ಗಿದಳು. ದೊಡ್ಡವಳ ಮಂಚದ ಕೆಳಗೆ ಒಂದು ಶೂ ಡಬ್ಬಿ ಸಿಕ್ಕಿತು. ಸೋಮವಾರ ಬೆಳಿಗ್ಗೆ ಕಸದ ಲಾರಿ ಬಂತು, ಹೋಯಿತು. ಮಂಗಳವಾರ ದೊಡ್ಡವಳು ಮಂಚದ ಕೆಳಗೆ ಕೈ ಹಾಕಿದಳು.

ಅತ್ತಿದ್ದರೆ ಚೆನ್ನಾಗಿತ್ತು. ಅಳಲಿಲ್ಲ. "ಈ ಮನೇಲಿ ಎಲ್ಲದಕ್ಕೂ ಜಾಗ ಇದೆ, ನನಗೊಂದೇ ಇಲ್ಲ. ದೊಡ್ಡಮ್ಮನ ಮನೇಲಿ ಒಂದು ರೂಮು ಖಾಲಿ ಇದೆ. ಅಲ್ಲೇ ಇರ್ತೀನಿ. ಶಾಲೆಗೂ ಅಲ್ಲಿಂದ್ಲೇ ಹೋಗ್ತೀನಿ," ಎಂದು ಹೇಳಿ ಬ್ಯಾಗು ತುಂಬತೊಡಗಿದಳು. ಹನ್ನೆರಡು ವರ್ಷದ ಹುಡುಗಿಯ ಮಾತು, ನಾಳೆ ಮರೆಯುತ್ತಾಳೆ ಅಂದುಕೊಂಡರು. ಬುಧವಾರ ದೊಡ್ಡಮ್ಮನೇ ಫೋನ್ ಮಾಡಿದಳು. "ಏನೇ ತಂಗಿ, ಭಾನುವಾರ ಸಂಜೆ ಆರಕ್ಕೆ ಬಂದು ಕರ್ಕೊಂಡು ಹೋಗಬೇಕಂತೆ? ಮಗು ಫೋನಲ್ಲಿ ಎಷ್ಟು ಲಕ್ಷಣವಾಗಿ ಮಾತಾಡ್ತು!"

ಅಮ್ಮ ಫೋನ್ ಇಟ್ಟಳು. ಅದೇ ನಿಮಿಷದಲ್ಲಿ ತೀರ್ಮಾನ ಮಾಡಿದಳು: ಭಾನುವಾರ ಆರು ಗಂಟೆಯ ಒಳಗೆ ಆ ರೂಮಿನಲ್ಲಿ, ಬಟ್ಟೆ ಬೀರುವಿಗೂ ಕಿಟಕಿ ಗೋಡೆಗೂ ನಡುವೆ, ದೊಡ್ಡವಳದೇ ಆದ ಒಂದು ಮೇಜು ನಿಲ್ಲಬೇಕು. ನಿಂತರೆ ಮಗಳು ಉಳಿಯುತ್ತಾಳೆ.

೧೩

"ಒಂದು ಮಾತು ಕೇಳಲಾ? ಮೇಜಿನ ಬದಲು ಹೋಗಿ 'ತಪ್ಪಾಯ್ತು' ಅಂದ್ರೆ ಆಗಲ್ವಾ? ಕಥೆ ಇಲ್ಲೇ ಮುಗಿಯುತ್ತೆ," ಎಂದೆ ನಾನು.

"ಮುಗಿದ್ರೆ ನಿಮಗೇ ನಷ್ಟ."

"ಅದೂ ಹೌದು. ಆದ್ರೂ."

"ಅಮ್ಮಂದಿರು ತಪ್ಪಾಯ್ತು ಅನ್ನಲ್ಲ ಕಣ್ರೀ. ಮೇಜು ಮಾಡಿಸಿಕೊಡ್ತಾರೆ," ಎಂದು ಅವಳು ಒಲೆ ಒರೆಸಲು ಹೋದಳು. ಒಲೆ ಆಗಲೇ ಫಳಫಳ ಹೊಳೆಯುತ್ತಿತ್ತು.

[ಇಲ್ಲೊಂದು ವಿಷಯ ನಿಮ್ಮಲ್ಲೇ ಇರಲಿ. ಆ ಡಬ್ಬಿಯನ್ನು ತೆರೆದೇ ನೋಡಲಿಲ್ಲ, ಹಳೇ ಶೂ ಅಂದುಕೊಂಡೆ ಅಂತ ಅವಳು ಮನೆಯವರಿಗೆಲ್ಲ ಹೇಳಿದ್ದಾಳೆ. ಸುಳ್ಳು. ತೆರೆದಿದ್ದಳು. ಬಾಟಲಿ ಮುಚ್ಚಳ, ಒಣಗಿದ ಸ್ಕೆಚ್ ಪೆನ್ನು, ಒಂದು ಗುಂಡಿ, ಗೆಳತಿಯ ಚೀಟಿಗಳು, ಎಲ್ಲದರ ಕೆಳಗೆ ಸುರುಳಿ ಸುತ್ತಿದ ಹಳದಿ ಟೇಪಿನ ತುಂಡು. ಒಂದರಿಂದ ಹತ್ತು. ನೋಡಿದಳು. ಗುರುತೂ ಸಿಕ್ಕಿತು. ಆದರೂ ಹಾಕಿದಳು. "ಇದನ್ನ ಬರೀಬೇಡಿ, ದಮ್ಮಯ್ಯ," ಎಂದಿದ್ದಾಳೆ. ಅದಕ್ಕೇ ಆವರಣದೊಳಗೆ ಬರೆದೆ.]

೧೪

ಗಂಡ ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತು ಮಹಡಿಯ ಕಟ್ಟಡದಲ್ಲಿ ಲಿಫ್ಟು ನೆಲಕ್ಕೆ ಸಮನಾಗಿ, ಎಡವದ ಹಾಗೆ ನಿಲ್ಲುವಂತೆ ಮಾಡುವವನು. ಹೆಂಡತಿ ಒಂದೇ ಏಟಿಗೆ ಐವತ್ತು ಪದರ ಬಟ್ಟೆ ಕತ್ತರಿಸುವವಳು. ಇಬ್ಬರೂ ಹೊರಗೆ ಅಳತೆಯಲ್ಲಿ ಹೆಸರು ಮಾಡಿದವರು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂತ ನಿಮಗೆ ಅರ್ಥವಾಗಿರಬೇಕು. ನೀವು ಓದುಗರು ಈಗೀಗ ತುಂಬ ಚುರುಕು, ನಮ್ಮಂಥವರ ಹೊಟ್ಟೆಯ ಮೇಲೇ ಹೊಡೆಯುತ್ತೀರಿ.

ಬುಧವಾರವೇ ಅವಳು ಜಾಗ ಅಳೆದಳು. ಟೇಪು ನೂರ ಇಪ್ಪತ್ತೆರಡು ತೋರಿಸಿತು. ಹತ್ತು ಕಳೆದಳು. ಶಾಲೆಯಿಂದ ಬಂದಿದ್ದ ನೋಟೀಸಿನ ಹಿಂದೆ ದಪ್ಪಕ್ಕೆ '೧೧೨' ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದಳು.

ಶನಿವಾರ ಗಂಡ ಆ ಚೀಟಿ ಕಿತ್ತುಕೊಂಡು ಪ್ಲೈವುಡ್ ಅಂಗಡಿಗೆ ಹೊರಟ. ದಾರಿಯಲ್ಲಿ ಸಿಗ್ನಲ್ ಬಿತ್ತು. ನೂರ ಹನ್ನೆರಡು. ಇವಳು ಟೇಪಿನಲ್ಲಿ ಕಂಡದ್ದನ್ನೇ ಬರೆದಿರುತ್ತಾಳೆ, ಗಡಿಬಿಡಿಯಲ್ಲಿ ಕಳೆಯೋದು ಮರೆತಿರುತ್ತಾಳೆ ಪಾಪ, ಎಂದುಕೊಂಡ. ಹತ್ತು ಕಳೆದ. ಫೋನ್ ಮಾಡಿ ಕೇಳೋಣವೇ ಅನ್ನಿಸಿತು. ಸಿಗ್ನಲ್ ಹಸಿರಾಯಿತು.

ಅಂಗಡಿಯವನು ತನ್ನ ನೆಟ್ಟಗಿರುವ ಸ್ಟೀಲ್ ಟೇಪಿನಲ್ಲಿ ಅಳೆದು, ನೂರ ಎರಡಕ್ಕೆ ಕೊರೆದು, ಅಂಚಿಗೆ ಪಟ್ಟಿ ಅಂಟಿಸಿ ಕೊಟ್ಟ.

೧೫

ಭಾನುವಾರ ಮಧ್ಯಾಹ್ನ ಅವನು ಡ್ರಿಲ್ ಮೆಷಿನ್ ಹಿಡಿದು ಗೋಡೆಗೆ ಒತ್ತಿದ್ದೇ ತಡ, ಒಳಗಿದ್ದ ನೀರಿನ ಪೈಪು ಒಡೆದು ಬುಸ್ಸೆಂದು

"ಆ ಗೋಡೇಲಿ ಪೈಪೇ ಇಲ್ಲ ಸ್ವಾಮಿ," ಎಂದ ಗಂಡ.

"ನಗೆಗೆ ಇರಲಿ ಅಂತ."

"ನಿಮ್ಮ ನಗೆಗೆ ನನ್ನ ಮನೆ ಗೋಡೆ ಯಾಕೆ ಬೇಕು? ಗಂಡಸು ಡ್ರಿಲ್ ಹಿಡಿದ ತಕ್ಷಣ ಪೈಪ್ ಒಡೀಲೇಬೇಕು ಅಂತ ರೂಲ್ಸ್ ಇದೆಯಾ?"

ಇಲ್ಲ. ಹದಿನೈದನ್ನು ಕೈಬಿಟ್ಟಿದ್ದೇನೆ. ನೆಲ ಒಣಗಿಸಿದ್ದೇನೆ.

೧೬

ಅವನು ಬೀರುವಿನ ಪಕ್ಕಕ್ಕೊಂದು, ಗೋಡೆಗೊಂದು ಮರದ ಪಟ್ಟಿ ಬಡಿದ. ಹಲಗೆ ಎರಡೂ ಪಟ್ಟಿಗಳ ಮೇಲೆ ಕೂರಬೇಕು, ಅಷ್ಟೇ ಕೆಲಸ. ಗಂಡ ಹೆಂಡತಿ ಆಚೆ ಈಚೆ ಹಿಡಿದು, ಪುಟ್ಟಿ "ನಿಧಾನಾ... ನಿಧಾನಾ..." ಎಂದು ಮೇಸ್ತ್ರಿಕೆ ಮಾಡುತ್ತಿರಲು, ಹಲಗೆಯನ್ನು ಇಳಿಸಿದರು. ಗೋಡೆ ಕಡೆ ಕೂತಿತು. ಬೀರುವಿನ ಕಡೆ ದಢಾರನೆ ನೆಲ ಕಂಡಿತು.

ಗಂಟೆ ನಾಲ್ಕೂಕಾಲು. ಭಾನುವಾರ ಅಂಗಡಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ.

"ಎಷ್ಟು ಹೇಳಿದ್ರಿ ಅವನಿಗೆ?"

"ನೂರ ಎರಡು. ನೀನು ಬರೆದಿದ್ದು ನೂರ ಹನ್ನೆರಡು. ಹತ್ತು ಕಳೆದೆ."

"ಅಯ್ಯೋ, ನಾನು ಕಳೆದೇ ಬರೆದಿದ್ದೆ!"

"ನೀನು ಕಳೆದಿದೀಯ ಅಂತ ನನಗೇನು ಕನಸು ಬೀಳುತ್ತಾ?"

"ಕಟಿಂಗ್ ಮಾಸ್ಟರ್ ಕಣ್ರೀ ನಾನು! ಹತ್ತು ಕಳೆಯೋದು ಮರೀತೀನಾ? ಒಂದು ಫೋನ್ ಮಾಡಿ ಕೇಳಕ್ಕೆ ಏನಾಗಿತ್ತು?"

"ಕೇಳಿದ್ರೆ 'ಇಷ್ಟೂ ಗೊತ್ತಾಗಲ್ವಾ' ಅಂತೀಯ."

ಅವಳು ಅನ್ನುತ್ತಿದ್ದದ್ದು ಅದನ್ನೇ. ಹದಿನಾಲ್ಕು ವರ್ಷದಿಂದ ಈ ಮನೆಯಲ್ಲಿ ಒಬ್ಬರು ಮರೆತಿರುತ್ತಾರೆ ಎಂದು ಇನ್ನೊಬ್ಬರು ಕೇಳದೆಯೇ ಸರಿಮಾಡುತ್ತಾ ಬಂದಿದ್ದಾರೆ. ಉಪ್ಪು ಎರಡು ಸಲ ಬೀಳುತ್ತದೆ, ಗಿಡಕ್ಕೆ ನೀರು ಎರಡು ಸಲ ಬೀಳುತ್ತದೆ. ಪ್ರೀತಿಯಿಂದಲೇ. ಆದರೆ ಕೇಳದೆ.

ದೊಡ್ಡವಳು ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು.

"ಮೇಜು ಬೇಕು ಅಂತ ನಾನು ಕೇಳಿದ್ನಾ?" ಎಂದಳು.

೧೭

ಇಲ್ಲಿ ನಾನು ಬರೆಯುವುದನ್ನು ನಿಲ್ಲಿಸಿ ಚಹಾ ಮಾಡಿಕೊಂಡೆ. ನಾನೂ ಅವಳನ್ನು ಕೇಳಿರಲಿಲ್ಲ, ಇಷ್ಟು ದೂರ ಬರೆದುಬಿಟ್ಟಿದ್ದೆ.

ಚಹಾ ಕುಡಿಯುತ್ತಾ ಎರಡು ಮುಕ್ತಾಯ ತಯಾರು ಮಾಡಿದೆ.

ಮುಕ್ತಾಯ ಒಂದು: ಹಲಗೆ ಬಿದ್ದ ಸದ್ದಿಗೆ ಬೀರು ಅಲುಗಿ, ಅದರಡಿಯಿಂದ ಹಳದಿ ಟೇಪಿನ ತುಂಡು ಇಣುಕುತ್ತದೆ! ಡಬ್ಬಿ ಎತ್ತುವಾಗ ಜಾರಿ ಬಿದ್ದಿತ್ತು! ಹಲಗೆಗೆ ಕಡಿಮೆ ಬಿದ್ದ ಹತ್ತು, ಕಳೆದುಹೋಗಿದ್ದ ಹತ್ತು, ಎರಡೂ ಒಂದೇ ಅಳತೆ! ಅಮ್ಮ ಮಗಳು ತಬ್ಬಿಕೊಳ್ಳುತ್ತಾರೆ. ಬರೆದು ಮುಗಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ದೊಡ್ಡವಳು ಓದಿದಳು. "ಬೇಡ ಅಂಕಲ್."

"ಯಾಕಮ್ಮ? ಚೆನ್ನಾಗಿಲ್ವಾ?"

"ತುಂಬಾ ನೀಟಾಗಿದೆ. ನಮ್ಮಮ್ಮ ಜೋಡಿಸಿಟ್ಟ ಹಾಗಿದೆ. ಹೋಗಿದ್ದು ಹೋಯ್ತು, ವಾಪಸ್ ತರಬೇಡಿ. ತಂದ್ರೆ ಅಮ್ಮನಿಗೆ ಸುಲಭ ಆಗಿಬಿಡುತ್ತೆ."

ಹನ್ನೆರಡು ವರ್ಷ. ನನಗೆ ಐವತ್ತೊಂದು. ತುಂಡನ್ನು ಬೀರುವಿನ ಅಡಿಯಿಂದ ತೆಗೆದು ಲಾರಿಗೇ ವಾಪಸು ಹಾಕಿದೆ.

ಮುಕ್ತಾಯ ಎರಡು: ದೊಡ್ಡಮ್ಮ ಬರುತ್ತಾಳೆ, ಮಗಳು ಹೋಗುತ್ತಾಳೆ, ಅಮ್ಮ ಕಿಟಕಿಯಲ್ಲಿ ನಿಲ್ಲುತ್ತಾಳೆ. ಗಂಭೀರವಾಗಿದೆ, ಬಹುಮಾನ ಬರುವ ಲಕ್ಷಣವೂ ಇದೆ. ಆದರೆ ಇದನ್ನು ಓದಿದ ಅಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ನನ್ನ ಕೈಗೆ ಕೊಟ್ಟಳು. ನನಗೆ ನಾಚಿಕೆಯಾಯಿತು.

೧೮

ಐದೂವರೆಗೆ ಗಂಡ ಒಂದು ದಾರಿ ಹುಡುಕಿದ. ಪಕ್ಕದ ಪಟ್ಟಿಗಳನ್ನು ಬಿಟ್ಟು ಹಿಂದಿನ ಗೋಡೆಗೇ ಮೂರು ಎಲ್ ಆಕಾರದ ಕಬ್ಬಿಣದ ಕ್ಲಾಂಪು ಕೂರಿಸಿ, ಹಲಗೆಯನ್ನು ಅವುಗಳ ಮೇಲೆ ಬಿಗಿದ. ಒಂದು ತುದಿ ಕಿಟಕಿ ಗೋಡೆಗೆ ಅಂಟಿಕೊಂಡಿತು. ಇನ್ನೊಂದು ತುದಿಗೂ ಬೀರುವಿಗೂ ನಡುವೆ ಅಂಗೈ ಅಗಲದ ಸಂದಿ ಉಳಿಯಿತು. ಮೇಜು ನಿಂತಿತು. ನಾಲ್ಕು ಸ್ಕ್ರೂ ಮಿಕ್ಕವು.

"ಆ ಸಂದಿಗೆ ನಾಳೆ ಒಂದು ತುಂಡು ಹಲಗೆ ಹಾಕ್ಸಿಬಿಡೋಣ," ಎಂದ.

ಅಮ್ಮ ಆ ಸಂದಿಯನ್ನೇ ನೋಡುತ್ತಿದ್ದಳು. ಕೈಯಲ್ಲಿ ಪೊರಕೆ; ಡ್ರಿಲ್ಲಿನ ಪುಡಿ ಗುಡಿಸಲು ತಂದದ್ದು. ನಾನು ಪೆನ್ನು ಕೆಳಗಿಟ್ಟು ಕೂತೆ. ಆಣೆಗೂ ನಾನು ಅವಳ ಬಾಯಿಗೆ ಒಂದು ಅಕ್ಷರ ಹಾಕಲಿಲ್ಲ.

"ತೆಗೆದು ನೋಡಿದ್ದೆ," ಎಂದಳು.

"ಏನನ್ನ?" ಎಂದ ಗಂಡ.

"ನಿಮಗಲ್ಲ ಹೇಳ್ತಿರೋದು." ಅವಳು ಮಗಳ ಕಡೆ ತಿರುಗಿದಳು. "ಡಬ್ಬಿ ತೆಗೆದು ನೋಡಿದ್ದೆ ಕಣೇ. ಟೇಪಿನ ತುಂಡು ಇತ್ತು. ಗೊತ್ತಾಯ್ತು ನಂಗೆ, ಅದು ಯಾವುದು ಅಂತ. ಆವತ್ತು ಎಲ್ಲಾ ಖಾಲಿ ಮಾಡೋ ಹಟದಲ್ಲಿದ್ದೆ. ಇನ್ನು ಯಾಕೆ ಇದು, ಇವಳು ದೊಡ್ಡವಳಾದ್ಲು ಅಂದ್ಕೊಂಡು ಹಾಕಿಬಿಟ್ಟೆ. ಆಮೇಲೆ ಸುಳ್ಳೂ ಹೇಳಿದೆ. ತಪ್ಪಾಯ್ತು."

ಪುಟ್ಟಿ ಒಮ್ಮೆ ಅಮ್ಮನನ್ನು, ಒಮ್ಮೆ ಅಕ್ಕನನ್ನು ನೋಡಿದಳು. ಅಮ್ಮ ತಪ್ಪಾಯ್ತು ಅನ್ನಬಹುದು ಎಂಬುದು ಅವಳಿಗೆ ಹೊಸ ಸುದ್ದಿ.

ದೊಡ್ಡವಳು ಕಣ್ಣು ಒರೆಸಿಕೊಂಡಳು, ಹೌದು, ಈ ಸಲ ಅತ್ತಳು. ಆಮೇಲೆ ಬಂದು ಸಂದಿಯೊಳಗೆ ಕೈ ಹಾಕಿ ನೋಡಿದಳು. ಮೊಣಕೈವರೆಗೂ ಹೋಯಿತು.

"ಇದನ್ನ ಮುಚ್ಚಬೇಡಿ," ಎಂದಳು. "ಮೇಜು ಬೇಕಾದ್ರೆ ಪುಟ್ಟಿನೂ ಬಳಸ್ಲಿ. ಈ ಸಂದಿ ಮಾತ್ರ ನಂದು. ಇಲ್ಲಿ ಪೊರಕೆ ಬರಬಾರದು. ಲೇಬಲ್ಲೂ ಅಂಟಿಸಬಾರದು."

"ಆಯ್ತು," ಎಂದಳು ಅಮ್ಮ.

"ಭಾನುವಾರಾನೂ?"

ಅಮ್ಮ ಕೈಯಲ್ಲಿದ್ದ ಪೊರಕೆ ನೋಡಿಕೊಂಡಳು. "ಭಾನುವಾರಾನೂ."

೧

ಹೌದು, ಒಂದು. ಅಚ್ಚಿನ ತಪ್ಪಲ್ಲ.

ಬಾಗಿಲ ಗಂಟೆ ಸದ್ದು ಮಾಡಿತು. ಆರಾಗಿದೆ, ದೊಡ್ಡಮ್ಮ ಮಾತಿಗೆ ತಪ್ಪುವವಳಲ್ಲ. ಬ್ಯಾಗು ಇನ್ನೂ ಬಾಗಿಲ ಬಳಿಯೇ ಇದೆ. ಮಗಳು ಹೋಗುತ್ತಾಳೋ ಉಳಿಯುತ್ತಾಳೋ ಹೇಳಿಬಿಡಿ ಎಂದು ನೀವು ಕೇಳುತ್ತಿದ್ದೀರಿ. ಅಮ್ಮನೂ ನನ್ನ ಕಡೆಗೇ ನೋಡುತ್ತಿದ್ದಾಳೆ. ಬರೆದುಬಿಡಬಹುದು, ಒಂದೇ ಒಂದು ಸಾಲು. ಆದರೆ ಕೇಳದೆ ಬರೆಯುವ ಚಾಳಿ ಬಿಟ್ಟಿದ್ದೇನೆ. ಅವಳನ್ನೇ ಕೇಳಿದೆ.

"ಯೋಚನೆ ಮಾಡ್ತಿದೀನಿ," ಎಂದಳು ದೊಡ್ಡವಳು. "ನೀವು ಅರ್ಜೆಂಟ್ ಮಾಡಬೇಡಿ."

ಹೇಳಿ, ಜೇಬಿನಿಂದ ಒಂದು ಬಾಟಲಿ ಮುಚ್ಚಳ ತೆಗೆದು ಸಂದಿಯೊಳಗೆ ಬಿಟ್ಟಳು. ಟಿಕ್ ಎಂದು ನೆಲ ಮುಟ್ಟಿ, ಒಂದು ಸುತ್ತು ಉರುಳಿ, ಡ್ರಿಲ್ಲಿನ ಪುಡಿಯ ನಡುವೆ ಅಡ್ಡಬಿದ್ದಿತು. ಗಂಟೆ ಎರಡನೇ ಸಲ ಸದ್ದು ಮಾಡಿತು. ಯಾರೂ ಕದಲಲಿಲ್ಲ.

ಪುಟ್ಟಿ ಮಂಡಿಯೂರಿ ಇಣುಕಿದಳು. "ಅಮ್ಮಾ, ಅಲ್ಲೇನೋ ಬಿದ್ದಿದೆ! ಪೊರಕೆ ಕೊಡು!"

ಪೊರಕೆ ಹಿಡಿದ ಕೈ ತಾನಾಗಿಯೇ ಮುಂದೆ ಬಂತು. ಅಮ್ಮ ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು.

"ಬಿದ್ದಿರಲಿ ಬಿಡು," ಎಂದಳು.