ಉಚ್ಚಂಗೆಮ್ಮನ ಪಾಲಿನ ಸಾಲು

ಮರಳು ಜರಡಿ ಹಿಡಿಯುತ್ತಿದ್ದ ಶಾಂತಲಾ ಅದರಲ್ಲಿ ಸಿಕ್ಕ ಕಪ್ಪೆಚಿಪ್ಪೊಂದನ್ನು ಕಿಟಕಿಯಾಚೆ ಎಸೆದು ಮತ್ತೆ ಜರಡಿ ಆಡಿಸಿದಳು. ಹೊಳೆ ಮರಳು ಸಣ್ಣಗಿರಬೇಕು. ಹಳೇ ಕುಕ್ಕರಿಗೆ ಅದನ್ನು ಎರಡು ಬೆರಳು ದಪ್ಪ ಹಾಸಿ, ಮೇಲೊಂದು ತಟ್ಟೆ ಬೋರಲು ಹಾಕಿ, ಗ್ಯಾಸ್ಕೆಟ್ಟು ವಿಷಲ್ಲು ಎರಡನ್ನೂ ತೆಗೆದು ಮುಚ್ಚಿ ಕಾಯಿಸಿದರೆ ಅದೇ ಅವಳ ಓವನ್ನು. ಈ ಬೇಸಿಗೆಯಲ್ಲಿ ಇದು ಎಂಟನೇ ಕೇಕು. ಹಿಂದಿನ ಏಳೂ ನಡು ಕುಸಿದು ಒಳಗೆ ಹಸಿಯಾಗಿಯೇ ಉಳಿದಿದ್ದವು.

ಹೊನ್ನಾಳಿಯ ಒಂದು ಹೈಸ್ಕೂಲಿನಲ್ಲಿ ಶಾಂತಲಾ ಸಂಗೀತದ ಟೀಚರು. ಒಂಟಿ ಜೀವ. ಶಾಲೆ ನಡೆವಾಗ ಇನ್ನೂರು ಹುಡುಗಿಯರ ಗದ್ದಲದಲ್ಲಿ ದಿನ ಕಳೆಯುತ್ತದೆ. ರಜಾ ಬಂತೆಂದರೆ ಹಾಲಿನವನು, ಗ್ಯಾಸಿನವನು ಬಿಟ್ಟರೆ ಬಾಗಿಲು ಬಡಿಯುವವರಿಲ್ಲ. ಮೊದಲೆಲ್ಲ ರಜಾ ಅಂದರೆ ಉಚ್ಚಂಗೆಮ್ಮ. ಜಗಳೂರಿನ ಕುರಿಸಾಕಣೆ ಮನೆಯ ಹೆಂಗಸು, ಇವಳಿಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಓದು ಬಾರದು, ತತ್ವಪದ ಮಾತ್ರ ನೂರಾರು ಬಾಯಲ್ಲಿತ್ತು. ಬೇಸಿಗೆಗೆ ಬಂದು ತಿಂಗಳಿದ್ದು, ಇಬ್ಬರೂ ಸೇರಿ ಊರೂರು ತಿರುಗಿ ಹಾಡುತ್ತಿದ್ದರು. ಮರಳಿನ ಕೇಕು ಶುರುವಾದದ್ದೂ ಅವರಿಂದಲೇ. “ಹಲ್ಲು ಬೇಡದ ತಿಂಡಿ ಅಂದ್ರೆ ಇದೊಂದೇ ಕಣವ್ವ,” ಅನ್ನುತ್ತಿದ್ದರು. ಬೆಂದಿದೆಯೋ ಇಲ್ಲವೋ ಅಂತ ಮುಚ್ಚಳ ತೆಗೆಯಹೋದರೆ ಕೈಗೆ ಹೊಡೆದು, “ಬಸುರಿ ಹೊಟ್ಟೆ ತೆಗೆದು ನೋಡ್ತಾರೇನು?” ಎಂದು ಗದರುತ್ತಿದ್ದರು. ಗಡಿಯಾರವೂ ಬೇಕಿರಲಿಲ್ಲ. ಹನ್ನೊಂದು ನುಡಿಯ ಒಂದು ಪದವನ್ನು ಇಬ್ಬರೂ ಎರಡು ಸಲ ಹಾಡಿ ಮುಗಿಸಿದರೆ ಕೇಕು ಬೆಂದಿರುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ.

ಈಗಲೂ ಶಾಂತಲಾ ಅದೇ ಪದವನ್ನು ಎರಡು ಸಲವೇ ಹಾಡುತ್ತಾಳೆ. ಮೈದಾ ಬದಲಿಸಿದಳು, ಸೋಡಾ ಬದಲಿಸಿದಳು. ಕೇಕು ಮಾತ್ರ ಏಳಲೊಲ್ಲದು.

ಕೇಕು ಎದ್ದರೆ ಅದರ ಜೊತೆ ಒಂದು ಕಾಗದ ಹೋಗಬೇಕಿತ್ತು. ಅದು ಉಚ್ಚಂಗೆಮ್ಮನಿಗೆ ಬರೆದ ಕಾಗದ. ಒಂದೂವರೆ ವರ್ಷದಿಂದ ಹಾರ್ಮೋನಿಯಂ ಪೆಟ್ಟಿಗೆಯೊಳಗೇ ಇತ್ತು. ದೊಡ್ಡವರ ಮನೆಗೆ ಬರಿಗೈಲಿ ಹೋಗಬಾರದು ಅಂತ ಬೆಳೆದವಳು, ತಪ್ಪು ಒಪ್ಪುವ ಕಾಗದವನ್ನು ಬರಿಗೈಲಿ ಹೆಂಗೆ ಕಳಿಸ್ಯಾಳು?

ನಡೆದದ್ದಿಷ್ಟು. ಎರಡು ವರ್ಷದ ಹಿಂದೆ ಚನ್ನಗಿರಿಯಲ್ಲಿ ಒಂದು ಭವನದ ಉದ್ಘಾಟನೆಗೆ ಇಬ್ಬರನ್ನೂ ಕರೆದಿದ್ದರು. ಅದೇ ಪದದ ಏಳನೇ ನುಡಿಯಲ್ಲಿ ಉಚ್ಚಂಗೆಮ್ಮ ಪಂಚಮಕ್ಕೆ ಏರಿ ನಿಂತಾಗ ಹಾರ್ಮೋನಿಯಂಗೂ ಅವರ ದನಿಗೂ ಕೂಡಿಬರಲಿಲ್ಲ. ನುಡಿಸುತ್ತಿದ್ದ ಶಾಂತಲಾ ಬೆರಳೆತ್ತಿ ಮೈಕಿನಲ್ಲೇ, “ಅಕ್ಕಾ, ಶ್ರುತಿ ಬಿಟ್ರಿ,” ಅಂದಳು. ಜನ ನಕ್ಕರು. ಉಚ್ಚಂಗೆಮ್ಮ ಸೆರಗು ಸರಿಮಾಡಿಕೊಂಡು ಎದ್ದು ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ನಡೆದರು. ಆಮೇಲೆ ಎಲ್ಲೂ ಹಾಡಲಿಲ್ಲವಂತೆ. ಫೋನು ಮಾಡಿದರೆ ಸೊಸೆ ಸುನಿತಾ ಎತ್ತಿ, “ಅತ್ತೆ ಹಟ್ಟಿಗೆ ಹೋಗ್ಯಾರೆ ಅಕ್ಕಾ,” ಅನ್ನುತ್ತಿದ್ದಳು. ನಾಲ್ಕು ಸಲ ಅದೇ ಮಾತು.

ಅದಾಗಿ ಕೆಲವು ತಿಂಗಳಿಗೆ ನ್ಯಾಮತಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಮುತ್ತುರಾಜ್ ಅವಳ ಪೆಟ್ಟಿಗೆ ಬಿಚ್ಚಿ, ಒಳಗಿನ ಒಂದು ಹಿತ್ತಾಳೆ ಪಟ್ಟಿ ತೋರಿಸಿ, “ಈ ಪಂಚಮದ ರೀಡು ಕಿಲುಬು ಹಿಡಿದು ಶ್ರುತಿ ಇಳಿದುಬಿಟ್ಟೈತಲ್ರೀ ಟೀಚರೇ. ಎಷ್ಟು ದಿನ ಹಿಂಗೇ ನುಡಿಸಿದ್ರಿ?” ಅಂದ. ಶಾಂತಲಾ ಅವತ್ತು ರಾತ್ರಿಯೇ ಕಾಗದ ಬರೆದಳು. ಮೂರು ಪುಟ. ಅದು ಇವತ್ತಿಗೂ ಹೋಗಿಲ್ಲ.

ಎಂಟನೇ ಕೇಕೂ ಮಲಗಿತು. ಬಿಸಿಲು ಇಳಿದ ಮೇಲೆ ಅವಳು ಕೊಡ ಹಿಡಿದು ಹೊಳೆದಂಡೆಗೆ ಹೋದಳು. ಅಲ್ಲಿ ಓಂಕಾರಪ್ಪನವರ ಜಮೀನು ಬೇಸಿಗೆಯಲ್ಲಿ ಖಾಲಿ. ಅದನ್ನವರು ಹಗ್ಗ ಹಿಡಿದು ಪಟ್ಟಿ ಪಟ್ಟಿಯಾಗಿ ಅಳೆದು, ಪೇಟೆಯಲ್ಲಿ ಹಿತ್ತಿಲಿಲ್ಲದವರಿಗೆ ತರಕಾರಿ ಬೆಳೆಯಲು ಬಿಡುತ್ತಾರೆ. ಮಳೆಗಾಲ ಹಿಡಿಯುವ ತನಕ ಬೆಳೆದದ್ದು ಅವರವರದು. ಶಾಂತಲಾಳ ಪಟ್ಟಿಯಲ್ಲಿ ಸೌತೆ, ಹರಿವೆ, ಮೆಂತ್ಯ. ಒಬ್ಬಳಿಗೆ ಎಷ್ಟು ಸೊಪ್ಪು ಬೇಕು? ಅರ್ಧ ಬಲಿತು ಹೂಬಿಟ್ಟಿತ್ತು.

ಪಕ್ಕದ ಪಟ್ಟಿ ಜುಂಜಪ್ಪನದು. ಎಮ್ಮೆ ಸಾಕಿದ ಮುದುಕ, ಬಾಯಿ ಜೋರು.

“ಏನ್ ಟೀಚರಮ್ಮ, ಇವತ್ತು ಎದ್ದಿತೋ ಮಲಗಿತೋ?”

“ಮಲಗಿತು ಜುಂಜಪ್ಪಣ್ಣ.”

“ನಮ್ ಎಮ್ಮೆಗೆ ಕೊಡ್ರಿ. ಹೋದ ವಾರದ್ದು ತಿಂದು ಕೊಟ್ಟಿಗೆ ಬಿಟ್ಟು ಬರಾಕೇ ಒಲ್ಲೆ ಅಂತು.”

ಅವಳು ನಕ್ಕು, ನೀರು ಹೊಯ್ಯುತ್ತ ಅದೇ ಪದ ಗುನುಗಿದಳು. ಜುಂಜಪ್ಪ ಕುಡುಗೋಲು ನಿಲ್ಲಿಸಿ ಕೇಳುತ್ತ ಕೂತ.

“ಅರ್ಧ ಹಾಡು ಎಲ್ಲಿ ಬಿಟ್ರಿ?”

“ಪೂರ್ತಿ ಹಾಡಿದೆನಲ್ಲ.”

“ಎಲ್ಲಿ ಪೂರ್ತಿ? ನಮ್ ಬೀದಿಗೆ ನೀವಿಬ್ರೂ ಹಾಡಾಕೆ ಬಂದಾಗ ನಾನು ಕೇಳಿಲ್ಲೇನು? ನೀವೊಂದು ಸಾಲು ಎತ್ತಿದ್ರೆ ಆ ಜಗಳೂರಮ್ಮ ಅದನ್ನ ತಿರುಗಿ ಎತ್ತೋರು. ಆಮೇಲೆ ನಿಮ್ದು. ಈಗ ನಿಮ್ದು ಮುಗೀತಿದ್ದಂಗೆ ಮತ್ತೆ ನಿಮ್ದೇ. ಬಸ್ಸು ತಪ್ಪೋರಂಗೆ ಓಡ್ತೀರಲ್ಲ.”

ಕೊಡದ ನೀರೆಲ್ಲ ಒಂದೇ ಕಡೆ ಸುರಿದು ಮೆಂತ್ಯ ಮುಳುಗಿತು. ಶಾಂತಲಾಗೆ ಅದು ಗೊತ್ತೇ ಆಗಲಿಲ್ಲ. ಊರ ಮಕ್ಕಳಿಗೆಲ್ಲ ತಾಳ ಕಲಿಸುವವಳು, ಎರಡು ಬೇಸಿಗೆ ಬರೀ ತನ್ನ ಪಾಲಿನ ಸಾಲನ್ನಷ್ಟೇ ಹಾಡಿ ಹಾಡು ಮುಗಿಯಿತು ಅಂದುಕೊಂಡಿದ್ದಳು. ಅರ್ಧ ಹೊತ್ತಿಗೇ ಇಳಿಸಿದರೆ ಕೇಕು ಬೇಯುವುದಾದರೂ ಹೆಂಗೆ?

ಮಾರನೇ ಬೆಳಿಗ್ಗೆ ಮತ್ತೆ ಮರಳು ಕಾಯಿಸಿದಳು. ಹಿಟ್ಟಿನ ಪಾತ್ರೆ ಇಳಿಸಿ, ಮುಚ್ಚಳ ಹಾಕಿ, ಒಲೆ ಎದುರು ಮಣೆ ಹಾಕಿಕೊಂಡು ಕೂತಳು. ಒಂದು ಸಾಲು ಹಾಡಿದಳು. ಉಚ್ಚಂಗೆಮ್ಮನ ಸಾಲಿಗೆ ಬಾಯಿ ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕಾದಳು. ಮತ್ತೆ ತನ್ನ ಸಾಲು. ಮತ್ತೆ ಕಾಯುವುದು. ಅಡಿಗೆಮನೆಯಲ್ಲಿ ಗ್ಯಾಸಿನ ಸದ್ದೊಂದೇ ಇತ್ತು. ಇಷ್ಟು ಉದ್ದದ ಜಾಗ ಆ ಹೆಂಗಸು ತುಂಬುತ್ತಿದ್ದರೇ ಅನ್ನಿಸಿತು.

ಏಳನೇ ನುಡಿ ಬಂತು. ತನ್ನ ಸಾಲು ಮುಗಿಸಿ ಸುಮ್ಮನಾದಳು. ಆ ಖಾಲಿಯಲ್ಲಿ ಉಚ್ಚಂಗೆಮ್ಮನ ಪಂಚಮ ಚನ್ನಗಿರಿಯಲ್ಲಿ ಕೇಳಿಸಿದ ಹಾಗೇ ಕಿವಿಗೆ ಬಂತು. ಒಂದು ಕೂದಲೆಳೆಯೂ ಆಚೀಚೆ ಇಲ್ಲ.

ಅವಳ ಕೈ ತಾಳ ತಪ್ಪಿತು. ಅವತ್ತೂ ಹಿಂಗೇ ಕೇಳಿಸಿತ್ತಲ್ಲ. ಪೆಟ್ಟಿಗೆ ಒಂದು ಹೇಳುತ್ತಿತ್ತು, ಕಿವಿ ಇನ್ನೊಂದು ಹೇಳುತ್ತಿತ್ತು. ಕಿವಿ ಹೇಳಿದ್ದೇ ಸರಿ ಅಂತ ಒಳಗೆ ಗೊತ್ತಿತ್ತು. ಆದರೆ ಪೆಟ್ಟಿಗೆ ತನ್ನದು, ಸಂಗೀತದ ಪರೀಕ್ಷೆ ಪಾಸಾದವಳು ತಾನು. ಮುಂದಿನ ಕುರ್ಚಿಯವರು ಉಚ್ಚಂಗೆಮ್ಮನ ಕಡೆಗೇ ನೋಡುತ್ತ ತಲೆದೂಗುತ್ತಿದ್ದರು. ಅದು ಚುಚ್ಚಿತ್ತು.

ಹೆಂಗೋ ಸಾವರಿಸಿಕೊಂಡು ಎರಡನೇ ಸಲವನ್ನೂ ಕಾದು ಕಾದೇ ಮುಗಿಸಿದಳು. ಮುಚ್ಚಳ ತೆಗೆದರೆ ಕೇಕು ಅಂಚಿನ ಮೇಲಕ್ಕೆ ಎದ್ದಿತ್ತು.

ಆರಿದ ಮೇಲೆ ಬಾಳೆಲೆಯಲ್ಲಿ ಸುತ್ತಿ, ರಟ್ಟಿನ ಡಬ್ಬಿಗಿಟ್ಟು, ದಾರವನ್ನೂ ಕಟ್ಟಿದಳು. ಕಾಗದ ಸೇರಿಸುವ ಮುಂಚೆ ಒಮ್ಮೆ ಓದೋಣ ಅಂತ ತೆಗೆದಳು. ಮೂರು ಪುಟದಲ್ಲಿ ರೀಡು ಅನ್ನುವ ಮಾತು ಒಂಬತ್ತು ಸಲ ಇತ್ತು. ತಪ್ಪೆಲ್ಲ ಕಿಲುಬಿನದು, ಇವಳದೇನೂ ಇಲ್ಲ.

ಕಾಗದ ಹರಿದು ಒಲೆಗೆ ಹಿಡಿದಳು. ಡಬ್ಬಿಯ ದಾರವನ್ನೂ ಬಿಚ್ಚಿದಳು. ಬಾಯಿಗೆ ಸಿಹಿ ಇಟ್ಟು ಕೇಳುವ ಮಾತಲ್ಲ ಇದು. ಕೇಕನ್ನು ಜುಂಜಪ್ಪನ ಮನೆಗೆ ಕೊಟ್ಟು ಬಂದಳು. “ಎಮ್ಮೆಗಲ್ಲ, ನಿಮಗೆ,” ಅಂದಾಗ ಮುದುಕ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಇಸಕೊಂಡ.

ಹೊಸ ಕಾಗದಕ್ಕೆ ಅರ್ಧ ಹಾಳೆ ಸಾಕಾಯಿತು.

“ಅಕ್ಕಾ, ಚನ್ನಗಿರಿಯಲ್ಲಿ ನೀವು ಸರಿಯಾಗಿ ಹಾಡಿದಿರಿ. ನನಗೆ ಅವತ್ತೇ ಕೇಳಿಸಿತ್ತು. ಕೇಳಿಸಿದರೂ ಜನರೆದುರು ನಿಮ್ಮನ್ನು ತಪ್ಪು ಅಂದೆ, ಹೊಟ್ಟೆಕಿಚ್ಚಿಗೆ. ಸುನಿತಾ, ಇದನ್ನು ಮನೆಯವರೆಲ್ಲ ಇರುವಾಗ ಜೋರಾಗಿ ಓದಮ್ಮ. ಶಾಂತಲಾ.”

ಅಂಚೆ ಕಚೇರಿಯ ಕೌಂಟರಿನಲ್ಲಿ ರೂಪಶ್ರೀ ಇದ್ದಳು, ಇವಳ ಹತ್ತಿರ ಪ್ರಾರ್ಥನೆ ಕಲಿತ ಹುಡುಗಿ.

“ಸ್ಪೀಡ್ ಪೋಸ್ಟ್ ಹಾಕ್ಲಾ ಮಿಸ್? ತಲುಪಿದ್ದು ನಿಮ್ಮ ಫೋನಿಗೇ ಬರ್ತೈತೆ. ಅವ್ರು ಬೇಡ ಅಂದ್ರೆ ವಾಪಸ್ ಬರ್ತೈತೆ.”

ಶಾಂತಲಾ ಲಕೋಟೆಯ ಅಂಚನ್ನು ಬೆರಳಿನಿಂದ ಒಮ್ಮೆ ಒತ್ತಿದಳು.

“ವಾಪಸ್ ಬರೋದು ಬೇಡಮ್ಮ, ಅದಕ್ಕೇ ನನ್ನ ವಿಳಾಸ ಬರೆದಿಲ್ಲ. ಸಾದಾ ಸಾಕು.”

ಅಂಟು ಇನ್ನೂ ಹಸಿ ಇದ್ದ ಲಕೋಟೆಯ ಮೇಲೆ ರೂಪಶ್ರೀ ಸ್ಟಾಂಪು ಹಚ್ಚಿ, ಮುದ್ರೆ ಒತ್ತಿ, ಹಿಂದಿದ್ದ ಚೀಲಕ್ಕೆ ಹಾಕಿದಳು.